ಸ್ಟೀರಿಂಗ್ ಮೇಲಿನ ಎರಡು ಬೆರಳು

ವಿಲೋ ಫ್ಲಾಟ್, ಸಸ್ಕಾಚೆವಾನ್
ಏಪ್ರಿಲ್ 19, ಭಾನುವಾರ

ಪ್ರೀತಿಯ ವೆರ್ನಾ,

ಹೇಗಿದ್ದೀರಿ? ನಾನು ಬ್ರಿನ್. ಆರೋಗ್ಯ ಕೇಂದ್ರದಲ್ಲಿ ನಿಮ್ಮ ಹಿಂದೆ ಬಾಲದ ಥರ ಓಡಾಡ್ತಾ ಕೆಲಸ ಕಲೀತಿರೋ ಅದೇ ಬ್ರಿನ್. ನಾಳೆ ಬೆಳಿಗ್ಗೆ ಹೇಗೂ ನಿಮ್ಮ ಮುಖ ನೋಡ್ತೀನಿ, ಆದ್ರೂ ಪತ್ರ! ಮೆಸೇಜ್ ಹಾಕೋಣ ಅಂದ್ಕೊಂಡೆ. ಟೈಪ್ ಮಾಡಿದೆ, ಅಳಿಸಿದೆ, ಮತ್ತೆ ಟೈಪ್ ಮಾಡಿದೆ, ಮತ್ತೆ ಅಳಿಸಿದೆ. ನಿಮ್ಮ ಫೋನಲ್ಲಿ ಆ ಮೂರು ಚುಕ್ಕಿ ಕುಣೀತಾನೇ ಇದ್ದಿರ್ಬೇಕು. ಸಾರಿ. ಈ ವಿಷ್ಯ ಫೋನಲ್ಲಿ ಇರೋದು ಬೇಡ ಅನ್ನಿಸ್ತು, ಅದಕ್ಕೆ ಪೆನ್ನು ಹಿಡ್ದೆ. ಅಕ್ಷರ ಕೋಳಿ ಕೆದರಿದ ಹಾಗಿದೆ, ಅಡ್ಜಸ್ಟ್ ಮಾಡ್ಕೊಳ್ಳಿ.

ನಿಮ್ಮನ್ನ ಒಂದು ಪ್ರಶ್ನೆ ಕೇಳ್ಬೇಕು. ಒಂದೇ. ಅದಕ್ಕೆ ಮುಂಚೆ ಸ್ವಲ್ಪ ಹೊಗಳ್ತೀನಿ, ತಡ್ಕೊಳ್ಳಿ.

ಆ ತಾತನ ಮನೆಗೆ ಹೋಗಿದ್ವಲ್ಲ (ಹೆಸರು ಬರೆಯಲ್ಲ, ನೋಡಿ, ಕಲ್ತಿದ್ದೀನಿ!). ನನ್ನ ಕೈಲಿ ಟ್ರೇ ಇತ್ತು ಅಂತ ಬಾಗಿಲನ್ನ ಸೊಂಟದಲ್ಲಿ ತಳ್ಳಿ ಒಳಗೆ ನುಗ್ಗಿದ್ದೆ. ನೀವು ನನ್ನನ್ನ ವಾಪಸ್ ಹೊರಗೆ ಕರ್ಕೊಂಡು ಬಂದು, ಬಾಗಿಲು ತಟ್ಟಿಸಿ, ಕಾಯಿಸಿದ್ರಿ. ಅವರಿಗೆ ತಮ್ಮ ಹೆಸರೇ ನೆನಪಿರಲ್ಲ, ತಟ್ಟಿದ್ದು ತಿಳಿಯುತ್ತಾ ಅಂತ ನಾನು ಗೊಣಗಿದೆ. ನೀವು, ಅವರು ಮರೆತ್ರೂ ಅದು ಅವರ ಮನೇನೇ ಅಂದ್ರಿ. ಅಷ್ಟರಲ್ಲಿ ಒಳಗಿಂದ ತಾತ, ‘ಯಾರದು? ತೆರಿಗೆಯವರಾದ್ರೆ ನಾನು ಮನೇಲಿಲ್ಲ!’ ಅಂತ ಕೂಗಿದ್ರು. ಅವತ್ತಿಂದ ನಾನು ನಿಮ್ಮ ಫ್ಯಾನ್. ಸೀರಿಯಸ್ಸಾಗಿ.

ಆದ್ರೆ ನಿಜ ಹೇಳ್ಲಾ? ಅದಕ್ಕೆ ಮುಂಚೆ ನನಗೆ ನಿಮ್ಮನ್ನ ಕಂಡ್ರೆ ಆಗ್ತಿರ್ಲಿಲ್ಲ. ಊರಿಗೇ ಆಗಲ್ಲ ಬಿಡಿ. ಎದುರಿಗೆ ಗಾಡಿ ಬಂದ್ರೆ ಹಲೋ ಅನ್ನೋ ಹಾಗೆ ಸ್ಟೀರಿಂಗ್ ಮೇಲಿಂದ ಎರಡು ಬೆರಳು ಎತ್ತದೆ ಹೋಗೋರು ಈ ವಿಲೋ ಫ್ಲಾಟಲ್ಲಿ ನೀವೊಬ್ರೇ. ಎದುರಿನವರು ಎತ್ತಿದ್ರೆ ನೀವೂ ಎತ್ತುತ್ತೀರಿ. ನೀವಾಗೇ ಮೊದಲು ಮಾತ್ರ ಎತ್ತಲ್ಲ. ನಮ್ಮಮ್ಮ ಕಾರ್ಲಾ ಎಷ್ಟು ಸಲ ಬೈದಿದ್ದಾಳೆ ಗೊತ್ತಾ? ‘ಯಾವಾಗ್ಲೂ ನಾನೇ ಮೊದಲು! ಬೆರಳು ಸವೆದು ಹೋಗುತ್ತಾ ಆಯಮ್ಮಂಗೆ?’ ಅಂತ. ಅಮ್ಮ ಹೇಗೆ ಅಂದ್ರೆ, ಒಂದ್ಸಲ ರಸ್ತೆ ರಿಪೇರಿಯವರು ನಿಲ್ಲಿಸಿದ್ದ ಬೊಂಬೆಗೂ ಬೆರಳು ಎತ್ತಿದ್ಲು.

ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ಧೈರ್ಯ ಮಾಡಿ ನಿಮ್ಮನ್ನೇ ಕೇಳಿದೆ. ನೀವು ನಕ್ಬಿಟ್ರಿ. “ಕೇಂದ್ರದ ಹಿಂದಿನ ರೂಮಿಗೆ ನನ್ನ ಹತ್ರ ಯಾರ್ಯಾರೋ ಬರ್ತಾರೆ, ಮನಸ್ಸಿನ ಕಷ್ಟ ಹೇಳ್ಕೊಳ್ತಾರೆ. ಅಂಗಡೀಲಿ ನಾನೇ ಮೊದಲು ಹಲೋ ಅಂದ್ರೆ, ಪಕ್ಕದಲ್ಲಿದ್ದ ಗಂಡ ‘ಅವಳು ನಿಂಗೆ ಹೇಗೆ ಪರಿಚಯ?’ ಅಂತಾನೆ. ಆ ಪೇಚು ಅವರಿಗೆ ಯಾಕೆ? ಗುರುತು ತೋರಿಸ್ಬೇಕಾ ಬೇಡ್ವಾ ಅನ್ನೋದು ಅವರಿಗೆ ಬಿಟ್ಟಿದ್ದು” ಅಂದ್ರಿ.

ಸರಿ. ಈಗ ವಿಷ್ಯಕ್ಕೆ ಬರ್ತೀನಿ. ನಗ್ಬೇಡಿ.

ಅಕ್ಟೋಬರಲ್ಲಿ ಅಜ್ಜಿ ಹೋದ್ಮೇಲೆ ಅಮ್ಮ ಮೊದಲಿನ ಹಾಗಿಲ್ಲ. ಕೆಲಸ ಮುಗಿಸಿ ಬರ್ತಾಳೆ, ಟ್ರಕ್ ನಿಲ್ಲಿಸ್ತಾಳೆ, ಇಳಿಯಲ್ಲ. ಎಂಜಿನ್ ಆರಿಸಿ ಸುಮ್ನೆ ಕೂತಿರ್ತಾಳೆ. ನಾನು ಅಡುಗೆಮನೆ ಕಿಟಕೀಲಿ ನಿಂತು ನೋಡ್ತಿರ್ತೀನಿ. ಒಳಗೆ ಬಂದು ‘ಏನೇ, ಪೆರೋಗಿ ಕಡುಬು ಬೇಯಿಸ್ಲಾ?’ ಅಂತಾಳೆ, ಏನೂ ಆಗಿಲ್ಲ ಅನ್ನೋ ಹಾಗೆ. ಅಪ್ಪ ಉತ್ತರದ ಗಣೀಲಿ, ಫೋನಲ್ಲಿ ಅವಳ ಗಲಗಲ ಕೇಳಿ ಖುಷಿಯಾಗಿದ್ದಾರೆ. ಆ ಗಲಗಲ ಸುಳ್ಳು ಅಂತ ಗೊತ್ತಿರೋದು ನನಗೊಬ್ಬಳಿಗೇ.

ಇನ್ನು ಗುರುವಾರ. ಗುರುವಾರ ಸಂಜೆ ಅಮ್ಮ ಕರ್ಲಿಂಗ್ ಆಟಕ್ಕೆ, ಐಸ್ ಮೇಲೆ ಕಲ್ಲು ಜಾರಿಸೋಕೆ ಅಂತ ಹೋಗ್ತಾಳೆ. ವೆರ್ನಾ, ಮಾರ್ಚ್ ಕೊನೇಲೇ ಅಲ್ಲಿ ಐಸ್ ಕರಗಿಸಿದ್ರು! ಈಗ ಆ ಜಾಗದಲ್ಲಿ ಹಳೇ ಬಟ್ಟೆ ಮಾರ್ತಿದ್ದಾರೆ. ಇವಳು ಮಾತ್ರ ಐಸ್ ಗುಡಿಸೋ ಪೊರಕೆ ಹೆಗಲಿಗೆ ಹಾಕ್ಕೊಂಡು ಹೊರಡ್ತಾಳೆ. ‘ಯಾವ ಐಸ್ ಮೇಲೆ ಆಡ್ತೀಯಮ್ಮಾ?’ ಅಂತ ಬಾಯಿ ತುದಿವರೆಗೂ ಬಂದಿತ್ತು. ನುಂಗ್ಕೊಂಡೆ.

ಆಮೇಲೆ ಮೊನ್ನೆ ಮಂಗಳವಾರ ನಾವಿಬ್ರೂ ಟ್ರಕ್ಕಲ್ಲಿ ಹೋಗ್ತಿದ್ವಿ. ಎದುರಿಗೆ ನಿಮ್ಮ ಹಸಿರು ಕಾರು. ಅಮ್ಮ ಬೆರಳು ಎತ್ತಲಿಲ್ಲ. ಬೊಂಬೆಗೆ ಎತ್ತೋಳು! ಸ್ಟೀರಿಂಗನ್ನ ಎಷ್ಟು ಬಿಗಿಯಾಗಿ ಹಿಡಿದಿದ್ಲು ಅಂದ್ರೆ ಗೆಣ್ಣುಗಳೆಲ್ಲ ಬಿಳಿಚ್ಕೊಂಡಿದ್ವು. ಬೈಲೂ ಇಲ್ಲ.

ಗುರುವಾರ ಸಂಜೆ ನೀವು ಹಿಂದಿನ ರೂಮಲ್ಲಿರ್ತೀರಿ. ನನ್ನ ತಲೇಲಿ ಟಕ್ ಅಂತ ಬಲ್ಬ್ ಹತ್ತಿದ್ದು ಆವಾಗ.

ಈ ಗುರುವಾರ ಮಧ್ಯಾಹ್ನ ಏನಾಯ್ತು ಅಂದ್ರೆ, ಟ್ರಿಶ್ ರಿಸೆಪ್ಶನ್ನಿಂದ ಎದ್ದು ಕಾಫಿ ತರೋಕೆ ಹೋದ್ಲು, ಫೋನ್ ನೋಡ್ಕೊ ಅಂತ ನನ್ನನ್ನ ಕೂರಿಸಿ. ಮುಂದೆ ಸ್ಕ್ರೀನ್. ಸಂಜೆ ಯಾರ್ಯಾರು ಬರ್ತಾರೆ ಅಂತ ನೋಡೋಕೆ ಒಂದು ಕ್ಲಿಕ್ ಸಾಕು. ಅದು ನನ್ನಮ್ಮ ಅಲ್ವಾ, ಮಗಳಿಗೆ ಹಕ್ಕಿಲ್ವಾ ಅಂತ ಮನಸ್ಸು ವಾದ ಮಾಡ್ತು. ಅವಳಿಗೇನಾದ್ರೂ ಆದ್ರೆ ಅಂತ ಹೆದರಿಕೆ ಬೇರೆ. ಆಮೇಲೆ ಆ ತಾತನ ಬಾಗಿಲು ನೆನಪಾಯ್ತು. ಇದೂ ಸೊಂಟದಲ್ಲಿ ತಳ್ಳಿ ನುಗ್ಗಿದ ಹಾಗೇ ಅಲ್ವಾ? ಕುರ್ಚಿ ಸಮೇತ ಗೋಡೆ ಕಡೆ ತಿರುಗಿ ಕೂತೆ. ಟ್ರಿಶ್ ಬಂದವಳೇ, ‘ಏನೇ, ಟೀಚರ್ ಶಿಕ್ಷೆ ಕೊಟ್ರಾ?’ ಅಂದ್ಲು. ಹೂಂ ಅಂದೆ.

ಸ್ಕ್ರೀನ್ ಬೇಡ, ನಿಮ್ಮನ್ನೇ ಓದೋಣ ಅಂತ ಇನ್ನೊಂದು ಐಡಿಯಾ ಬಂತು. ಹೂಂ, ಬೇಹುಗಾರಿಕೆ! ನಿನ್ನೆ ಕಮ್ಯುನಿಟಿ ಹಾಲ್‌ನಲ್ಲಿ ಪ್ಯಾನ್‌ಕೇಕ್ ತಿಂಡಿ ಇತ್ತಲ್ಲ, ನೀವು ಕಾಫಿ ಸುರೀತಿದ್ರಿ. ನಾನು ಸಿರಪ್ ಬಾಟಲಿ ಹಿಡ್ಕೊಂಡು ಮೂಲೇಲಿ ನಿಂತೆ. ಯಾರಿಗೆ ನೀವೇ ಮೊದಲು ಹಲೋ ಅಂತೀರೋ ಅವರು ನಿಮ್ಮ ರೂಮಿಗೆ ಬರೋರಲ್ಲ, ಉಳಿದೋರು ಬರೋರು. ಸುಲಭದ ಲೆಕ್ಕ ಅಂದ್ಕೊಂಡೆ.

ನೀವು ಯಾರಿಗೂ ಅನ್ನಲಿಲ್ಲ. ಪಾದ್ರಿಗಿಲ್ಲ, ಟ್ರಿಶ್‌ಗಿಲ್ಲ. ಕೊನೆಗೆ ನಿಮ್ಮ ಸ್ವಂತ ತಮ್ಮ ಆರ್ವಿಡ್ ಬಂದು ಕಪ್ ಚಾಚಿ ನಿಂತ್ರು, ಅವರಿಗೂ ಇಲ್ಲ! ‘ಏನ್ ಮಹಾರಾಣಿ, ಒಡಹುಟ್ಟಿದವನೂ ಕಾಣ್ಸಲ್ವಾ?’ ಅಂದ್ರು ಅವರು. ‘ಕಾಣ್ಸುತ್ತೆ ಕಣೋ, ನಿನ್ನ ಹೊಟ್ಟೆ ಬಾಗಿಲಲ್ಲೇ ಕಾಣ್ಸ್ತು’ ಅಂತ ನೀವಂದ್ರಿ. ಆಮೇಲೆ ಇಬ್ರೂ ಎಷ್ಟು ಹೊತ್ತು ನಕ್ರಿ.

ನನಗೆ ಅಲ್ಲೇ ಅರ್ಥ ಆಯ್ತು. ಬರೋರಿಗೆ ಮಾತ್ರ ಹಲೋ ಅನ್ನದೆ ಇದ್ರೆ, ನನ್ನಂಥ ಕಿತಾಪತಿಗಳು ಲೆಕ್ಕ ಹಾಕಿಬಿಡ್ತಾರೆ. ಅದಕ್ಕೆ ಯಾರಿಗೂ ಅನ್ನಲ್ಲ. ಅವರನ್ನ ಬಚ್ಚಿಡೋಕೆ ಇಡೀ ಊರಿನ ಬಾಯಲ್ಲಿ ಜಂಬದೋಳು ಅನ್ನಿಸ್ಕೊಂಡಿದ್ದೀರಿ. ನಮ್ಮಮ್ಮನ ಬಾಯಲ್ಲೂ. ಬೇಜಾರಾಗಲ್ವಾ? (ಇದು ಆ ಪ್ರಶ್ನೆ ಅಲ್ಲ.)

ಆ ಪ್ರಶ್ನೆ ಏನು ಅಂತ ನಿಮಗೆ ಗೊತ್ತಾಗಿರುತ್ತೆ. ಅಮ್ಮ ನಿಮ್ಮ ಹತ್ರ ಬರ್ತಾಳಾ? ಅವಳು ಸರಿಹೋಗ್ತಾಳಾ? ಎರಡಾಯ್ತು, ಇರ್ಲಿ, ಬರೆದೂ ಆಯ್ತು. ಈಗ ಯೋಚ್ನೆ ಮಾಡಿದ್ರೆ, ನೀವು ಹೌದು ಅಂದ್ರೆ ಅವಳ ಗುಟ್ಟು ಹೋಯ್ತು. ಇಲ್ಲ ಅಂದ್ರೆ, ನಾಳೆ ಇನ್ಯಾರೋ ತಮ್ಮವರ ಬಗ್ಗೆ ಕೇಳಿದಾಗ ನೀವು ಸುಮ್ನಿದ್ರೆ ಅದೇ ಹೌದು ಅಂದ ಹಾಗೆ. ಆದ್ರಿಂದ ಉತ್ತರ ಬೇಡ ವೆರ್ನಾ. ನಾಳೆ ನನ್ನ ಕಡೆ ಒಂಥರಾ ನೋಡೋದೂ ಬೇಡ. ಕೆಲಸ ಹೇಳಿ, ಮಾಡ್ತೀನಿ.

ಅಮ್ಮನ್ನ ಮಾತ್ರ ನಾನು ಕೇಳ್ಬೋದು, ಮಗಳಾಗಿ. ಎಲ್ಲಿಗೆ ಹೋಗ್ತೀಯ ಅಂತಲ್ಲ. ಟ್ರಕ್ಕಲ್ಲಿ ಕೂತಿರ್ತೀಯಲ್ಲ, ಪಕ್ಕದಲ್ಲಿ ನಾನೂ ಬಂದು ಕೂತ್ಕೊಳ್ಲಾ ಅಂತ. ಕಿಟಕಿ ತಟ್ಟಿ, ಕಾದು, ಕೇಳ್ತೀನಿ.

ನಿಮ್ಮ ಬಾಲ,
ಬ್ರಿನ್ ಸಾವ್ಚುಕ್

ಮರೆತಿದ್ದಲ್ಲ, ಈಗಷ್ಟೇ ಆಗಿದ್ದು: ಸೋಮವಾರ ಬೆಳಿಗ್ಗೆ, ಕವರ್ ಇನ್ನೂ ಅಂಟಿಸಿಲ್ಲ. ನಿನ್ನೆ ಸಂಜೆಯೂ ಅಮ್ಮ ಟ್ರಕ್ಕಲ್ಲೇ ಕೂತಿದ್ಲು, ಕಿಟಕಿ ತಟ್ಟಿದೆ. ಅಮ್ಮ ಬಾಗಿಲು ತೆಗೆದ್ಲು. ಹತ್ತಿ ಪಕ್ಕದಲ್ಲಿ ಕೂತೆ, ಅಷ್ಟೆ. ಇವತ್ತು ನನ್ನನ್ನ ಕೆಲಸಕ್ಕೆ ಬಿಡೋಕೆ ಬರ್ತಾ ನಿಮ್ಮ ಹಸಿರು ಕಾರು ಎದುರಾಯ್ತು. ನಿಮ್ಮ ಕಡೆಯದ್ದು ನಿಮಗೇ ಗೊತ್ತು, ನಮ್ಮ ಟ್ರಕ್ಕಿನ ಕಡೆಯದ್ದು ಹೇಳ್ತೀನಿ. ಅಮ್ಮ ಎರಡು ಬೆರಳು ಎತ್ತಿದ್ಲು. ನಾನು ಬೇಕಂತಲೇ ಹೊಲದ ಕಡೆ ಮುಖ ತಿರುಗಿಸಿ ಬಾತುಕೋಳಿ ನೋಡ್ತಾ ಕೂತೆ. ಸ್ವಲ್ಪ ಮುಂದೆ ಹೋದ್ಮೇಲೆ ಅವಳು, ‘ಗುರುವಾರ ಸಂಜೆ ನಂಗೆ ಟ್ರಕ್ ಬೇಕು ಕಣೇ’ ಅಂದ್ಲು. ಕರ್ಲಿಂಗ್ ಅನ್ನೋ ಮಾತೇ ಎತ್ತಲಿಲ್ಲ. ಪೊರಕೆನ ಷೆಡ್ಡಲ್ಲಿ ಇಟ್ಬಿಡ್ಲಾ ಅಂತ ಕೇಳಿದೆ. ಇಡು ಅಂದ್ಲು.