ಕಾಟಯ್ಯನ ಸಾಲು

ಕೊಂಡ್ಲಹಳ್ಳಿ
18-1-2002

ಚಳ್ಳಕೆರೆಯ ಕ್ಯಾಸೆಟ್ ಅಂಗಡಿ ಸಿದ್ದಲಿಂಗೇಶ್ ಅವರಿಗೆ ಪಾತಣ್ಣ ಮಾಡುವ ನಮಸ್ಕಾರ.

ನಮ್ಮ ಮೇಳದ ಹೊಸ ಕ್ಯಾಸೆಟ್ಟಿನಲ್ಲಿ ನನ್ನ ಗಂಟಲು ಒರಟಾಗಿದೆ, ನಡುನಡುವೆ ಕೆಮ್ಮಿದೆ ಎಂದು ಹೇಳಿ ಕಳಿಸಿದ್ದೀರಿ. ಮೊದಲ ಕ್ಯಾಸೆಟ್ಟಿನ ಗಂಟಲನ್ನು ಈಗ ಯಾವ ಸಂತೆಯಿಂದ ತರಲಿ? ಕೆಮ್ಮನ್ನು ಬೇಕಾದರೆ ತೆಗೆಯಿರಿ. ಆದರೆ ಪ್ರತಿ ಸಾಲಿನ ನಂತರ ಟೇಪು ಸುಮ್ಮನೆ ಓಡುತ್ತದಲ್ಲ, ಆ ಜಾಗವನ್ನು ಕತ್ತರಿಸಬೇಡಿ.

ನಾನು ಹೇಳಿದ ಸಾಲನ್ನು ಕಾಟಯ್ಯ ತಿರುಗಿ ಹೇಳುತ್ತಿದ್ದ. ಕುರಿ ಕಾಯುವ ವಯಸ್ಸಿನಿಂದ ನಾವಿಬ್ಬರೂ ಹಾಗೆಯೇ ಹಾಡಿದವರು. ಅವನು ತೀರಿಕೊಂಡ ಮೇಲೆ ನಾನು ಮೈಕಿನ ಮುಂದೆ ಕೂತಿದ್ದು ಅದೇ ಮೊದಲು. ಒಂದು ಸಾಲು ಹೇಳಿ ಕಾದೆ. "ಯಾಕಣ್ಣ, ಪದ ಮರ್ತೋಯ್ತಾ?" ಎಂದು ಕೇಳಿದಿರಿ. ಹೂಂ ಎಂದುಬಿಟ್ಟೆ. ನಾನು ಮರೆತಿದ್ದು ಪದವನ್ನಲ್ಲ.

ಮಾರುವುದಕ್ಕೆ ಅದು ಸರಿಹೋಗದಿದ್ದರೆ, ಕತ್ತರಿಸದ ಒಂದು ಕ್ಯಾಸೆಟ್ಟನ್ನು ನನಗೆಂದು ಮೊಳಕಾಲ್ಮೂರು ಬಸ್ಸಿನ ಕಂಡಕ್ಟರ್ ಕೈಲಿ ಕಳಿಸಿ. ಟೇಪ್ ರೆಕಾರ್ಡರಿಗೆ ಹೊಸ ಸೆಲ್ಲು ತಂದಿಟ್ಟಿದ್ದೇನೆ. ಪಾತಣ್ಣ ಅದರೊಳಗೆ ಹಾಡಲಿ. ಕಾಟಯ್ಯನ ಸಾಲನ್ನು ಇಲ್ಲಿ ಕೂತು ನಾನು ಹೇಳುತ್ತೇನೆ.

ಇಂತಿ,
ಪಾತಣ್ಣ