ಎರಡು ಹೆಜ್ಜೆ ಹಿಂದೆ

ನವಲಗುಂದ, ೨೧ ಫೆಬ್ರವರಿ ೧೯೮೭, ಶನಿವಾರ

ಸಂಜೆ ಪಂಚಾಯ್ತಿ ಟಿ.ವಿ.ಯಲ್ಲಿ ನಮ್ಮ ಧಾರಾವಾಹಿ ಬಂತು. ಅದರಲ್ಲಿ ಅಪ್ಪನದು ಊರ ಗೌಡನ ಪಾತ್ರ, ನಾನು ಅವನಿಗೆ ಎದುರು ನಿಲ್ಲುವ ಕೂಲಿಯಾಳು. “ಭಿಕ್ಷೆ ಅಲ್ಲ, ನಮ್ಮ ಹಕ್ಕು ಕೇಳಾಕತ್ತೇವಿ” ಎಂದು ನಾನು ಗುಡುಗುವಾಗ ಪರದೆ ತುಂಬ ಅಪ್ಪನ ಮೀಸೆ. ಜನ ಮೀಸೆಗೇ ಚಪ್ಪಾಳೆ ಹೊಡೆದರು.

“ದನಿ ನಿಂದ ಐತಿ, ನೀ ಎಲ್ಲಿದ್ದೀಲೇ?” ಎಂದು ಪಕ್ಕದ ಮನೆಯ ನೀಲಕ್ಕ ನಕ್ಕಳು.

ಮನೆಗೆ ಬಂದು ಅಪ್ಪನ ಮೇಲೆ ಕೂಗಾಡಿದೆ.

“ಬಾಜೂಕ ನಿಂದ್ರಲೇ ಅಂತ ಅವತ್ತ ಹೇಳಿದ್ನೆಲ್ಲೋ” ಎಂದ.

ಚಿತ್ರೀಕರಣದ ದಿನ ಪಕ್ಕಕ್ಕೆ ನಿಲ್ಲಲು ಹೇಳಿದ್ದ, ನಿಜ. ಆದರೆ ಅವನ ನಾಟಕ ಕಂಪನಿಯಲ್ಲಿ ಹತ್ತನೇ ವಯಸ್ಸಿಗೇ ಕಲಿತದ್ದು: ಅಪ್ಪ ಮಾತು ಶುರುಮಾಡಿದರೆ ಉಳಿದವರು ಎರಡು ಹೆಜ್ಜೆ ಹಿಂದೆ. ಊರಿಗೆಲ್ಲ ಸಮಾನತೆಯ ಕರಪತ್ರ ಹಂಚುವ ನಾನು, ಯಾರೂ ತಳ್ಳದೆ, ಅವನ ಬೆನ್ನ ಹಿಂದೆ ಸರಿದಿದ್ದೆ.

ನಾಳೆ ಮತ್ತೆ ಚಿತ್ರೀಕರಣ. ಅಪ್ಪ ಗಂಟಲು ಸರಿಮಾಡಿಕೊಂಡ ಕೂಡಲೇ ಈ ಕಾಲು ತಾನಾಗಿಯೇ ಹಿಂದೆ ಸರಿಯದಿದ್ದರೆ ಸಾಕು.