ಹನ್ನೊಂದು ಸೆಕೆಂಡು

ಫೆಬ್ರವರಿ 3, ಬೆಳಿಗ್ಗೆ 4.40

ಅಲಾರಂ ಇಲ್ಲದೆ ಎಚ್ಚರ. ನಮ್ಮ ಯಜಮಾನರು ಹೋಗಿ ನಾಲ್ಕು ತಿಂಗಳಾಯಿತು. ಓಡಲು ಏಳುತ್ತಿದ್ದವರು ಅವರು, ಈಗಲೂ ಏಳುತ್ತಿರುವವಳು ನಾನು. ದೇವರಿಗೆ ಕೈಮುಗಿದೆ. ಏಳಕ್ಕೆ ಆಸ್ಪತ್ರೆಯ ಲಾಂಡ್ರಿಯಲ್ಲಿರಬೇಕು — ಹಾಸಿಗೆ ಬಟ್ಟೆಯ ರಾಶಿ ಇಸ್ತ್ರಿಗೆ ಕಾದಿದೆ.

ನಿನ್ನೆ ಸಂಜೆ ಹಲ್ಲಿನ ಡಾಕ್ಟರು ಬಂದಿದ್ದರು. ನಮ್ಮ ಯಜಮಾನರ ಓಟದ ಗುಂಪಿಗೆ ಅವರೇ ಮುಂದಾಳು. ಪಾರ್ಕಿನಲ್ಲಿ, ಇವರು ದಿನಾ ಓಟ ಶುರು ಮಾಡುತ್ತಿದ್ದ ಜಾಗದಲ್ಲಿ, ಒಂದು ಬೆಂಚು ಹಾಕಿಸುತ್ತಾರಂತೆ. ಅದಕ್ಕೊಂದು ಹಿತ್ತಾಳೆ ಫಲಕ. ಇವರ ಹೆಸರು, ಹತ್ತೊಂಬತ್ತು ಮ್ಯಾರಥಾನ್, ಕೆಳಗೆ "ನಾಲ್ಕು ಗಂಟೆಯೊಳಗೆ". ನಾಲ್ಕು ಗಂಟೆಯೊಳಗೆ ಮುಗಿಸಿದ ಆ ಒಂದು ಓಟದ ತಾರೀಖು ಅವರಿಗೆ ಬೇಕಿತ್ತು. ನೋಟ್‌ಬುಕ್ ನೋಡಿ ಹೇಳುತ್ತೇನೆ ಎಂದೆ.

ಫೆಬ್ರವರಿ 5

ಒಟ್ಟು ಹದಿನಾಲ್ಕು ನೋಟ್‌ಬುಕ್. ಕೆಲಸ ಲಿಫ್ಟ್ ರಿಪೇರಿ, ಹತ್ತುವುದು ಮಾತ್ರ ಮೆಟ್ಟಿಲು — ಎಷ್ಟು ಮಹಡಿ ಎಂದು ಅದನ್ನೂ ಬರೆದಿಟ್ಟಿದ್ದಾರೆ. ಮಗಳ ಮದುವೆಯ ದಿನ: "12 ಕಿ.ಮೀ. ಫೋಟೋದವನು ಬರುವ ಮೊದಲು ಮುಗಿಯಿತು." ಎಲ್ಲಿ ಮುಗಿದಿತ್ತು? ಒಂದು ಫೋಟೋದಲ್ಲೂ ಇವರ ಕೂದಲು ಒಣಗಿಲ್ಲ. ಜ್ವರ ಬಂದಾಗ: "ಓಡಲಿಲ್ಲ. ಇವಳು ಬೂಟು ಬಚ್ಚಿಟ್ಟಳು." ಹೌದು, ಬಚ್ಚಿಟ್ಟೆ. ಹಿಟ್ಟಿನ ಡಬ್ಬದ ಹಿಂದೆ.

ನನಗೆ ದೇವರ ನಾಮ ಹೇಗೋ ಇವರಿಗೆ ಓಟ ಹಾಗೆ. ಮೊದಮೊದಲು ಹೊಟ್ಟೆಕಿಚ್ಚು ಪಟ್ಟಿದ್ದೂ ಉಂಟು... ರಸ್ತೆಯ ಮೇಲೆ.

ಫೆಬ್ರವರಿ 6

ಸಿಕ್ಕಿತು. ಸಿಗಬಾರದಿತ್ತು.

ಪ್ರತಿ ಮ್ಯಾರಥಾನಿನಲ್ಲೂ ಮೂವತ್ತನೇ ಕಿಲೋಮೀಟರಿನ ಹತ್ತಿರ ನಾನು ನಿಲ್ಲುವುದು ನಮ್ಮ ಕಟ್ಟಳೆ. ರಸ್ತೆಯ ಎಡಗಡೆ. ಕೈಯಲ್ಲಿ ಬೇಯಿಸಿ ಉಪ್ಪು ಹಚ್ಚಿದ ಆಲೂಗಡ್ಡೆ. ಇವರು ನಿಲ್ಲದೆ ಕಿತ್ತುಕೊಂಡು ಹೋಗುವರು. ಓಟ ಮುಗಿಯುವವರೆಗೆ ನನಗೆ ಉಪವಾಸ, ಪ್ರಾರ್ಥನೆ. ಏಳನೇ ಓಟದ ದಿನ ಎಡಗಡೆ ಬಿಸಿಲೆಂದು ಬಲಗಡೆ ಮರದ ಕೆಳಗೆ ನಿಂತಿದ್ದೆ.

ನೋಟ್‌ಬುಕ್ಕಿನಲ್ಲಿ ಇಷ್ಟೇ ಇದೆ: "4:00:11. ಮೂವತ್ತರಲ್ಲಿ ಇವಳು ಬಲಗಡೆ. ದಾಟಿದೆ, ಜನರ ನಡುವೆ ಸಿಕ್ಕಿಕೊಂಡೆ. ಅರ್ಧ ನಿಮಿಷ ಹೋಯಿತು. ಮನೆಯಲ್ಲಿ ಹೇಳಬಾರದು."

ಆ ದಿನ ನಾನು ಮುಕ್ತಾಯದ ಗೆರೆಯ ಹತ್ತಿರ ಬಂದಾಗ ಇವರು ಹುಲ್ಲಿನ ಮೇಲೆ ಬಿದ್ದುಕೊಂಡಿದ್ದರು. ನಗುತ್ತಿದ್ದರು. ನನಗೆ ಅಷ್ಟೇ ಸಾಕಾಯಿತು — ನಾಲ್ಕು ಗಂಟೆಯೊಳಗೆ ಮುಗಿಸಿದರೆಂದು ಗುಂಪಿಗೆಲ್ಲ ನಾನೇ ಡಂಗುರ ಸಾರಿದೆ. ಫಲಿತಾಂಶದ ಹಾಳೆ ಗೋಡೆಯ ಮೇಲಿತ್ತು, ಓದಿದವರಾರು? ಇವರು ತಿದ್ದಲಿಲ್ಲ. ತಿದ್ದಿದ್ದರೆ ಹೇಗೆ ತಪ್ಪಿತು ಎಂದು ನಾನು ಕೇಳದೆ ಬಿಡುತ್ತಿರಲಿಲ್ಲ.

ಆಮೇಲೆ ಹನ್ನೆರಡು ಓಡಿದರು. ಒಂದೂ ಅದಕ್ಕಿಂತ ಬೇಗ ಆಗಲಿಲ್ಲ. ಯಾರಾದರೂ ಆ ಓಟವನ್ನು ಹೊಗಳಿದರೆ ಎದ್ದು ಬೂಟು ಹುಡುಕುತ್ತಿದ್ದರು. ಸಂಕೋಚ ಎಂದುಕೊಂಡಿದ್ದೆನಲ್ಲ, ಪೆದ್ದಿ.

ಫೆಬ್ರವರಿ 7

ಕೆಲಸದಲ್ಲಿ ಒಂದು ದಿಂಬಿನ ಕವರ್ ಸುಟ್ಟೆ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ.

ಮಗಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಹನ್ನೊಂದು ಸೆಕೆಂಡ್ ತಾನೇ ಅಮ್ಮ. ಯಾರು ನೋಡ್ತಾರೆ?"

"ನಿಮ್ಮಪ್ಪ ನೋಡಿದ್ರು. ಹನ್ನೆರಡು ಸಲ ಅದನ್ನೇ ಅಟ್ಟಿಸ್ಕೊಂಡು ಹೋದ್ರು."

ಅಪ್ಪನೇ ಮುಚ್ಚಿಟ್ಟದ್ದನ್ನು ನೀನ್ಯಾಕೆ ಬಿಚ್ಚುತ್ತೀಯ ಎಂದಳು.

ಫೆಬ್ರವರಿ 13

ಆರು ದಿನ ಪೆನ್ನು ಮುಟ್ಟಲಿಲ್ಲ.

ಇವರು ಮುಚ್ಚಿಟ್ಟದ್ದು ನನಗಾಗಿ. ಸುಳ್ಳು ಹೊರಟದ್ದು ನನ್ನ ಬಾಯಿಂದ. ಹದಿನಾಲ್ಕು ನೋಟ್‌ಬುಕ್ಕಿನಲ್ಲಿ ಒಂದು ಸೆಕೆಂಡನ್ನೂ ತಮ್ಮ ಕಡೆಗೆ ಎಳೆದುಕೊಂಡವರಲ್ಲ. ಅಂಥವರ ಹೆಸರಿನ ಕೆಳಗೆ ಹಿತ್ತಾಳೆಯ ಸುಳ್ಳು ಹೊಡೆಸಲೇ?

ಇವತ್ತು ಕ್ಲಿನಿಕ್ಕಿಗೆ ಹೋದೆ. ರೋಗಿಯ ಬಾಯಿ ತೆರೆದೇ ಇತ್ತು. ಧೈರ್ಯ ಆರುವ ಮೊದಲೇ ಹೇಳಿಬಿಟ್ಟೆ. ಫಲಕ ಕೆತ್ತಲು ಕೊಟ್ಟಾಗಿದೆ ಎಂದರು ಡಾಕ್ಟರು.

"ಇರ್ಲಿ ಬಿಡಿ ಅಕ್ಕ. ಪ್ರೀತಿಯಿಂದ ಬರೆಸಿದ್ದು."

"ಆ ಹನ್ನೊಂದು ಸೆಕೆಂಡ್ ನನ್ನದು ಡಾಕ್ಟ್ರೇ. ಬರೆಸಿ."

ಕೈಗವಸು ಬಿಚ್ಚಿದರು. ಬಾಯಿ ತೆರೆದಿದ್ದಾತ ಕಣ್ಣಲ್ಲೇ ನಮ್ಮಿಬ್ಬರನ್ನೂ ಅಳೆದ. ಬೇರೆ ಕೆತ್ತಿಸೋಣ, ಆದರೆ ಕಾರಣವನ್ನು ಗುಂಪಿಗೆ ನೀವೇ ಹೇಳಬೇಕು, ಎಂದರು. ನಲವತ್ತು ಜನ. ನಾನೋ ಹಳ್ಳಿ ಶಾಲೆಯ ಏಳನೇ ಕ್ಲಾಸು. ಹೂಂ ಎಂದೆ.

ಫೆಬ್ರವರಿ 22, ಭಾನುವಾರ, ಬೆಳಿಗ್ಗೆ 5.15

ಫಲಕ ನಿನ್ನೆ ತೋರಿಸಿದರು. ನಾಲ್ಕು ಗಂಟೆ, ಸೊನ್ನೆ ನಿಮಿಷ, ಹನ್ನೊಂದು ಸೆಕೆಂಡು. ಬೆರಳಾಡಿಸಿ ನೋಡಿದೆ. ಸರಿಯಾಗಿದೆ.

ಇವತ್ತು ಪಾರ್ಕಿನಲ್ಲಿ ಗುಂಪಿನ ಮುಂದೆ ಮಾತಾಡುವಾಗ ಪಕ್ಕದಲ್ಲಿ ನಿಲ್ಲುತ್ತೇನೆ ಎಂದಳು ಮಗಳು. ಬೇಡ, ಒಬ್ಬಳೇ ನಿಲ್ಲುತ್ತೇನೆ. ಡಾಕ್ಟರ ಕಾರು ಬರುವುದರೊಳಗೆ ಹೇಳಬೇಕಾದದ್ದನ್ನು ಇಲ್ಲಿ ಒಮ್ಮೆ ಬರೆದುಕೊಳ್ಳುತ್ತೇನೆ, ಬಾಯಿ ತೊದಲದಿರಲಿ.

ಎಲ್ಲರಿಗೂ ನಮಸ್ಕಾರ. ನಮ್ಮವರು ಸುಳ್ಳು ಹೇಳಿದವರಲ್ಲ. ಹೇಳಿದವಳು ನಾನು, ಗೊತ್ತಿಲ್ಲದೆ. ಆ ದಿನ ನಾನು ನಿಲ್ಲಬೇಕಾದ ಕಡೆ ನಿಲ್ಲಲಿಲ್ಲ. ಅವರು ನನ್ನನ್ನು ಬಿಟ್ಟು ಮುಂದೆ ಹೋಗಬಹುದಿತ್ತು. ಎದುರಿಗೇ ರಸ್ತೆ ಇತ್ತು, ಕೈಯಲ್ಲಿ ವಾಚು ಇತ್ತು. ಹೋಗಲಿಲ್ಲ. ಅಷ್ಟು ಜನರನ್ನು ದಾಟಿಕೊಂಡು ನನ್ನ ಹತ್ತಿರ...

ಹಾರ್ನ್. ಬಂದರು. ಉಳಿದದ್ದನ್ನು ಅಲ್ಲೇ ನಿಂತು